ಮಳೆಗಾಲದ ಎರಡು ಕಿಲೋಮೀಟರ್‌ಗೆ ಯಾವ ಗಾಡಿ?

ಮೇ ತಿಂಗಳ ಕೊನೆ ವಾರ ಬಂತು ಅಂದ್ರೆ ಖಾನಾಪುರ ತಾಲ್ಲೂಕಿನ ಕಾಡಂಚಿನ ಮನೆಗಳಲ್ಲಿ ಒಂದೇ ಲೆಕ್ಕ. ಕಟ್ಟಿಗೆ ಒಳಗೆ ಸೇರಿತಾ? ಗೊಬ್ಬರ ಬಂತಾ? ಎಣ್ಣೆ, ಬೇಳೆ, ಸಿಲಿಂಡರ್ ಎಲ್ಲ ಆಯ್ತಾ? ಬೆಳಗಾವಿ ಪೇಟೆಯಲ್ಲಿ ಕೂತವರಿಗೆ ಇದು ಅಜ್ಜಿ ಕಾಲದ ಮಾತು ಅನ್ನಿಸಬಹುದು. ಇಲ್ಲಿಂದ ಜಾಂಬೋಟಿಗೆ ಗಂಟೆಯೊಳಗೆ ಮುಟ್ಟಬಹುದು. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗೋ ಕಾರುಗಳು ಶನಿವಾರ-ಭಾನುವಾರ ಸಾಲುಗಟ್ಟಿ ಅದೇ ರಸ್ತೆಯಲ್ಲಿ ಓಡ್ತಾವೆ. ಆದ್ರೆ ಆ ಡಾಂಬರು ಬಿಟ್ಟು ಒಳಗೆ ತಿರುಗಿದ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆಯದೇ ಲೋಕ. ಮಲಪ್ರಭೆ ಹುಟ್ಟೋ ಕಣಕುಂಬಿ, ಮಳೆಯಲ್ಲಿ ಆಗುಂಬೆಗೆ ಪೈಪೋಟಿ ಕೊಡೋ ಆಮಗಾಂವ್ ಇರೋ ತಾಲ್ಲೂಕು ಇದು. ಕೆಂಪು ಮಣ್ಣಿಗೆ ಆ ಮಳೆ ಬಿದ್ದು ಆಗೋ ರಾಡಿಯಲ್ಲಿ ಚಪ್ಪಲಿ ಬಿಟ್ಟು ಕಾಲು ಮಾತ್ರ ಮೇಲೆ ಬರುತ್ತೆ.

ನಮ್ಮ ಕಾಕಾನ ಮನೆ ಡಾಂಬರಿನಿಂದ ಎರಡು ಕಿಲೋಮೀಟರ್ ಒಳಗಿದೆ. ನಡುವೆ ಒಂದು ಇಳಿಜಾರು, ಒಂದು ಹಳ್ಳ, ಮತ್ತೆ ಒಂದು ಏರು. ಎರಡು ಎಕರೆ ಭತ್ತ, ಗುಡ್ಡದ ಮೇಲೆ ಗೇರು, ಕೊಟ್ಟಿಗೆಯಲ್ಲಿ ಎರಡು ಎಮ್ಮೆ. ಭಾರ ಎಳೆಯೋಕೆ ಒಂದು ಗಾಡಿ ತಗೋಬೇಕು ಅಂತ ಹೋದ ದೀಪಾವಳಿಗೆ ಮನೆಮಂದಿಯೆಲ್ಲ ಸೇರಿ ತೀರ್ಮಾನ ಮಾಡಿದ್ವಿ. ನಾನು ಉದ್ಯಮಬಾಗದ ಒಂದು ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ನೋಡೋಳು. "ನಿನಗ ಮಷೀನ್ ತಿಳೀತಾವಲ್ಲ, ನೀನೇ ನೋಡವಾ" ಅಂತ ಜವಾಬ್ದಾರಿ ನನ್ನ ತಲೆ ಮೇಲೆ ಬಂತು. ನಿಮ್ಮಲ್ಲೂ ಎಷ್ಟೋ ಜನರದ್ದು ಇದೇ ಪರಿಸ್ಥಿತಿ ಇರುತ್ತೆ: ಇಎಂಐ ಕಟ್ಟೋರು ಬೆಂಗಳೂರು, ಪುಣೆಯಲ್ಲಿ, ಗಾಡಿ ಓಡಿಸೋರು ಊರಲ್ಲಿ. ಅದಕ್ಕೇ ಈ ವಾರ ಇದನ್ನ ಬರೀತಿದ್ದೀನಿ.

ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಮೊದಲು ಬಂದ ಸಲಹೆಗಳು ಕೇಳಬೇಕಿತ್ತು. ಪುಣೆಯಲ್ಲಿರೋ ಅಣ್ಣ, ಅಂದ್ರೆ ಕಾಕಾನ ಮಗ, ಹೈಲಕ್ಸ್ ಫೋಟೊ ಹಾಕಿದ. ಬಿಡದಿಯಲ್ಲಿ ತಯಾರಾಗೋ ಗಾಡಿ, ನೋಡೋಕೆ ಆನೆ ಇದ್ದಂಗಿದೆ, ಬೆಲೆ ಮೂವತ್ತು ಲಕ್ಷದ ಆಸುಪಾಸು. ಇನ್ನೊಬ್ಬ ಥಾರ್ ಅಂದ. ಚಿಕ್ಕ ಮಾಮಾ ಹಳೇ ಮಿಲಿಟರಿ ಜೀಪ್ ಹುಡುಕೋಣ ಅಂದ್ರು. ಬೆಳಗಾವಿ ದಂಡಿನ ಊರಲ್ವಾ, ಜೀಪ್ ಹುಚ್ಚು ಇಲ್ಲಿ ರಕ್ತದಲ್ಲೇ ಇದೆ. ಯಾರೂ ಕೇಳದ ಪ್ರಶ್ನೆ ಒಂದೇ: ಏನು ಹೇರಬೇಕು, ಯಾವ ತಿಂಗಳು?

ಈ ಪ್ರಶ್ನೆ ನನಗೂ ಹೊಳೆದದ್ದು ದೂರದ ಒಂದು ವಿಡಿಯೊದಿಂದ. ಕಾಲೇಜಿನ ಗೆಳತಿ ಒಬ್ಬಳು ಫಿನ್‌ಲ್ಯಾಂಡಿನಲ್ಲಿದ್ದಾಳೆ. ಅಲ್ಲಿಯ ಸ್ನೋಮೊಬೈಲ್ ತೋರಿಸಿದಳು. ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ಮೇಲೆ ಬೈಕಿನಂಥ ಸೀಟು, ಹಿಂದೆ ಕಟ್ಟಿಗೆ ತುಂಬಿದ ಜಾರುಬಂಡಿ. ಕೆನಡಾದ ಬೊಂಬಾರ್ಡಿಯೆ 1959ರಲ್ಲಿ ಸ್ಕೀ-ಡೂ ಅಂತ ಮಾರುಕಟ್ಟೆಗೆ ತಂದ ಮೇಲೆ ಉತ್ತರದ ಹಿಮದ ನಾಡುಗಳಲ್ಲಿ ನಾಯಿ ಬಂಡಿಯ ಜಾಗವನ್ನ ಬಹುಮಟ್ಟಿಗೆ ಇದೇ ತಗೊಂಡಿತು. ಹಿಮಸಾರಂಗ ಕಾಯೋರು, ಬೇಟೆಗೆ ಹೋಗೋರು, ಕಟ್ಟಿಗೆ ತರೋರು ಎಲ್ಲರಿಗೂ ಅದೇ. ಕುತೂಹಲಕ್ಕೆ ಓದ್ತಾ ಹೋದೆ. ಅಲ್ಲಿ ದುಡಿಮೆಗೆ ಗಾಡಿ ಆರಿಸೋರು ಹಾರ್ಸ್‌ಪವರ್ ಹಿಂದೆ ಓಡಲ್ಲ. ಮಜಾಕ್ಕೆ ಓಡಿಸೋ ಗಾಡಿಯ ಪಟ್ಟಿ ಸುಮಾರು 15 ಇಂಚು ಅಗಲ, ದುಡಿಯೋ ಗಾಡಿಯದ್ದು 20 ಅಥವಾ 24 ಇಂಚು. ಅಗಲ ಹೆಚ್ಚಿದಷ್ಟೂ ಭಾರ ಹರಡಿ ಗಾಡಿ ಹುಗಿಯಲ್ಲ. ಎಂಜಿನ್ನೂ ಅಷ್ಟೇ. ನೀರಿನಿಂದ ತಂಪಾಗೋ ದೊಡ್ಡ ಎಂಜಿನ್‌ಗಳಿಗೆ ಪಟ್ಟಿಯಿಂದ ಹಾರೋ ಹಿಮವೇ ರೇಡಿಯೇಟರ್‌ನ ಗಾಳಿ ಇದ್ದಂಗೆ. ಗಟ್ಟಿ ಮಂಜಿನ ಮೇಲೆ ಭಾರ ಕಟ್ಟಿಕೊಂಡು ನಿಧಾನ ಹೋದ್ರೆ ಬಿಸಿಯಾಗಿ ನಿಲ್ತಾವೆ. ಅದಕ್ಕೇ ಫ್ಯಾನ್ ಗಾಳಿಯಿಂದ ತಂಪಾಗೋ ಹಳೇ ಮಾದರಿಯ ಸರಳ ಎಂಜಿನ್ ಬೇಕು ಅನ್ನೋರು ಇವತ್ತಿಗೂ ಇದ್ದಾರೆ. ಮನೆಯಿಂದ ನಲವತ್ತು ಕಿಲೋಮೀಟರ್ ದೂರ ಕೆಟ್ಟು ನಿಂತ್ರೆ ಕೈಯಲ್ಲಿರೋ ಸ್ಪ್ಯಾನರ್‌ನಿಂದ ರಿಪೇರಿ ಆಗಬೇಕು, ಇಲ್ಲಾಂದ್ರೆ ಚಳಿಗೆ ಜೀವ ಹೋಗುತ್ತೆ.

ಹಿಮ ತೆಗೆದು ರಾಡಿ ಹಾಕಿ, ನಮ್ಮ ಲೆಕ್ಕ ಸಿಗುತ್ತೆ.

ನಾನು ಮೊದಲು ಮಾಡಿದ್ದು ಒಂದು ನೋಟ್‌ಬುಕ್ ಕಾಕುಗೆ ಕೊಟ್ಟಿದ್ದು. ಕಾಕಾಗಲ್ಲ, ಕಾಕುಗೆ. ವರ್ಷದಲ್ಲಿ ಮನೆಗೆ ಏನೇನು ಬರುತ್ತೆ, ಏನೇನು ಹೋಗುತ್ತೆ, ಯಾವಾಗ ಅಂತ ಅವರು ನೆನಪಿನಿಂದಲೇ ಬರೆಸಿದರು. ನೋಡಿದ್ರೆ ಆಶ್ಚರ್ಯ. ನಿಜವಾದ ಭಾರ ಎಲ್ಲ ಒಣ ತಿಂಗಳಲ್ಲೇ! ಭತ್ತ ಮನೆಗೆ ಬರೋದು, ಮಿಲ್ಲಿಗೆ ಹೋಗೋದು ನವೆಂಬರ್ ಆದ ಮೇಲೆ. ಒಂದು ಚೀಲ 65 ಕೆಜಿ ಹಿಡಿದ್ರೂ 30 ಚೀಲಕ್ಕೆ ಎರಡು ಟನ್‌ಗೆ ಚೂರು ಕಮ್ಮಿ. ಗೇರುಬೀಜ ಮಾರ್ಚ್-ಏಪ್ರಿಲ್. ಖಾನಾಪುರದ ಇಟ್ಟಿಗೆ, ಹಂಚು ತರೋದಿದ್ರೆ ಅದೂ ಬೇಸಿಗೆಯಲ್ಲೇ. ಆಗ ದಾರಿ ಗಟ್ಟಿ ಇರುತ್ತೆ, ಯಾವ ಬಾಡಿಗೆ ಪಿಕಪ್ ಆದ್ರೂ ಅಂಗಳಕ್ಕೇ ಬಂದು ನಿಲ್ಲುತ್ತೆ.

ಮಳೆಗಾಲದ ಪಟ್ಟಿ ಬೇರೆ. ಮೇಲುಗೊಬ್ಬರಕ್ಕೆ ನಾಲ್ಕು ಚೀಲ ಯೂರಿಯಾ, ಚೀಲಕ್ಕೆ 45 ಕೆಜಿ, ಒಟ್ಟು 180. ಒಂದು ತುಂಬಿದ ಸಿಲಿಂಡರ್ ಹತ್ತಿರ ಹತ್ತಿರ 30 ಕೆಜಿ. ದಿನಾ ಡೇರಿಗೆ ಹೋಗೋ ಹಾಲಿನ ಕ್ಯಾನ್. ಶಾಲೆಗೆ ಹೋಗೋ ಎರಡು ಮಕ್ಕಳು. ಆಮೇಲೆ ಕಾಕು ಸುಮ್ಮನೆ ಕೂತರು. "ಮತ್ತ ಮಂದಿಗೆ ಆರಾಮ ಇಲ್ಲದಾಗ" ಅಂದರು. "ಅದನ್ನೂ ಬರಿ."

ಬರೆದೆ. 2024ರ ಜುಲೈಯಲ್ಲಿ ಆಮಗಾಂವ್‌ನಿಂದ ಕಾಯಿಲೆ ಬಿದ್ದ ಒಬ್ಬ ಮಹಿಳೆಯನ್ನ ಊರವರು ಕಟ್ಟಿಗೆಯ ಸ್ಟ್ರೆಚರ್ ಮಾಡಿ ಮಳೆಯಲ್ಲಿ, ಕಾಡಿನಲ್ಲಿ, ಕಿಲೋಮೀಟರ್‌ಗಟ್ಟಲೆ ಹೊತ್ತು ತಂದ ವಿಡಿಯೊ ನೀವೂ ಫೋನ್‌ನಲ್ಲಿ ನೋಡಿರ್ತೀರಿ. 2011ರಲ್ಲಿ ಭೀಮಗಡ ವನ್ಯಜೀವಿಧಾಮ ಘೋಷಣೆ ಆಯ್ತು. ಗವ್ವಾಳಿ, ಕೊಂಗಳಾ, ಪಾಸ್ತೊಳಿಯಂಥ ಒಳಗಿನ ಊರುಗಳಿಗೆ ರಸ್ತೆ ಆಗೋದು ಸುಲಭದ ಮಾತಲ್ಲ. ಅದರ ಸರಿ-ತಪ್ಪಿನ ವಾದ ಇವತ್ತು ಬೇಡ. ನಮ್ಮೂರು ಆ ಗಡಿಯ ಹೊರಗಿದೆ, ಎರಡೇ ಕಿಲೋಮೀಟರ್. ಆದ್ರೂ 108ಕ್ಕೆ ಫೋನ್ ಮಾಡಿದ್ರೆ ಆಂಬುಲೆನ್ಸ್ ಡಾಂಬರಿನ ಮೇಲೇ ನಿಲ್ಲುತ್ತೆ. ಅಲ್ಲಿವರೆಗೆ ತರೋದು ನಮ್ಮ ಪಾಲಿಗೆ.

ಹಾಗಾಗಿ ನಾನು ಹುಡುಕಬೇಕಾದದ್ದು ಎರಡು ಟನ್ ಹೊರೋ ಗಾಡಿ ಅಲ್ಲ. ಜುಲೈಯಲ್ಲಿ ಇನ್ನೂರು-ಮುನ್ನೂರು ಕೆಜಿ ಕಟ್ಟಿಕೊಂಡು ಎರಡು ಕಿಲೋಮೀಟರ್ ತಪ್ಪದೇ ದಾಟೋ ಗಾಡಿ. ಇದು ಗೊತ್ತಾದ ಮೇಲೆ ಗ್ರೂಪಿನ ಅರ್ಧ ಫೋಟೊಗಳು ತಾವಾಗೇ ಬಿದ್ದು ಹೋದವು.

ಎಕ್ಸೆಲ್‌ನಿಂದ ಶುರು ಮಾಡ್ತೀನಿ, ಯಾಕಂದ್ರೆ ಅದನ್ನ ಯಾರೂ ಗಾಡಿ ಅಂತ ಲೆಕ್ಕಕ್ಕೇ ಹಿಡಿಯಲ್ಲ. ಟಿವಿಎಸ್ ಎಕ್ಸೆಲ್ 100: 99.7 ಸಿಸಿ, ಗೇರ್ ಇಲ್ಲ, ನಾಲ್ಕು ಲೀಟರ್ ಟ್ಯಾಂಕ್, 16 ಇಂಚಿನ ಗಾಲಿ. ಕಂಪನಿ ಹೇಳೋ ಭಾರ 130 ಕೆಜಿ. ಓಡಿಸೋರು 65 ಕೆಜಿ ಇದ್ರೆ ಮೇಲೆ ಒಂದು ಯೂರಿಯಾ ಚೀಲ ಬರುತ್ತೆ, ಎರಡು ಬರಲ್ಲ. (ಸಂತೆ ದಿನ ಖಾನಾಪುರದಲ್ಲಿ ನೋಡಿ, ಮೂರು ಹೇರಿರ್ತಾರೆ. ಅದು ಎಕ್ಸೆಲ್ಲಿನ ದೊಡ್ಡತನ, ಹೇರಿದವರದಲ್ಲ.) ಗಾಡಿ ಹಗುರ ಇರೋದ್ರಿಂದ ಹುಗಿದ್ರೆ ಒಬ್ಬರೇ ಎತ್ತಿ ಪಕ್ಕಕ್ಕೆ ಇಡಬಹುದು. ವೈನಿ ದಿನಾ ಹಾಲು, ಮಕ್ಕಳು, ರೇಷನ್ ಎಲ್ಲ ಅದರ ಮೇಲೇ ಸಾಗಿಸ್ತಾರೆ. ಹಳ್ಳಕ್ಕೆ ನೀರು ಬಂದ ದಿನ ಮಾತ್ರ ಅದು ಮನೆಯಲ್ಲೇ. ಎಕ್ಸೆಲ್ ಮಾರಿ ಹೊಸ ಗಾಡಿಗೆ ಹಾಕೋಣ ಅಂದವರಿಗೆ ನಾನು ಒಪ್ಪಲಿಲ್ಲ. ದೊಡ್ಡ ಗಾಡಿ ಬಂದ ಮೇಲೂ ಸಣ್ಣ ಕೆಲಸ ಸಣ್ಣ ಗಾಡಿಯದೇ.

ಛೋಟಾ ಹಾಥಿ, ಅಂದ್ರೆ ಟಾಟಾ ಏಸ್, 2005ರಲ್ಲಿ ಬಂತು. ಮೊದಲ ಮಾದರಿಯ ಭಾರ 750 ಕೆಜಿ, ಎರಡು ಸಿಲಿಂಡರ್ ಡೀಸೆಲ್. ಪೇಟೆ ಗಲ್ಲಿಗೆ, ಡಾಂಬರಿಗೆ ಅದರಷ್ಟು ಲಾಭದ ಗಾಡಿ ಇನ್ನೊಂದಿಲ್ಲ ಅನ್ನೋರು ಬೆಳಗಾವಿ ಎಪಿಎಂಸಿ ಮುಂದೆ ಸಾಲಾಗಿ ನಿಂತಿದ್ದಾರೆ. ಆದ್ರೆ 12 ಇಂಚಿನ ಗಾಲಿ. ನಮ್ಮ ದಾರಿಯ ತಗ್ಗಿನಲ್ಲಿ ಗಾಲಿ ಮುಳುಗೋ ಮೊದಲು ಹೊಟ್ಟೆ ನೆಲಕ್ಕೆ ತಾಗುತ್ತೆ.

ಬೊಲೆರೊ ಪಿಕಪ್ ನಮ್ಮ ಕಡೆಯ ನಿಜವಾದ ಎತ್ತು. ಮಾದರಿ ನೋಡಿಕೊಂಡು 1.3ರಿಂದ 1.7 ಟನ್ ಹೊರುತ್ತೆ, ಲೀಫ್ ಸ್ಪ್ರಿಂಗ್, ಯಾವ ಊರಿನ ಮಿಸ್ತ್ರಿಗೂ ಗೊತ್ತಿರೋ ಎಂಜಿನ್. ಆದ್ರೆ ಒಂದು ವಿಚಿತ್ರ ನೋಡಿ. ಎಳೆಯೋದು ಹಿಂದಿನ ಗಾಲಿ, ಖಾಲಿ ಇದ್ದಾಗ ಹಿಂದೆ ಭಾರವೇ ಇಲ್ಲ. ಅದಕ್ಕೇ ರಾಡಿಯಲ್ಲಿ ಖಾಲಿ ಪಿಕಪ್ ಗಿರ್ರನೆ ಗಾಲಿ ತಿರುಗಿಸ್ತಾ ನಿಲ್ಲುತ್ತೆ, ಸ್ವಲ್ಪ ಭಾರ ಇದ್ದದ್ದು ಏರಿ ಹೋಗುತ್ತೆ. ತಿಳಿದ ಡ್ರೈವರ್‌ಗಳು ಮಳೆಗಾಲದಲ್ಲಿ ಹಿಂದೆ ನಾಲ್ಕು ಮರಳಿನ ಚೀಲ ಇಟ್ಟುಕೊಂಡೇ ತಿರುಗ್ತಾರೆ. ಬೊಲೆರೊ ಕ್ಯಾಂಪರ್‌ನಲ್ಲಿ ಫೋರ್ ಬೈ ಫೋರ್ ಮಾದರಿಯೂ ಇದೆ, ಎರಡು ಸಾಲು ಸೀಟು, ಹಿಂದೆ ಒಂದು ಟನ್. ಹೈಲಕ್ಸ್ ಬಿಟ್ಟ ಮೇಲೆ ಅಣ್ಣ ಇದಕ್ಕೇ ಅಂಟಿಕೊಂಡ. ತೆಗೆದುಹಾಕೋ ಗಾಡಿ ಅಲ್ಲ ಅದು. ಊರಿಂದ ಬೆಳಗಾವಿ ಮಾರ್ಕೆಟ್‌ಗೆ ವಾರಕ್ಕೆ ಎರಡು ಸಲ ಮಾಲು ಹಾಕೋರಾದ್ರೆ ನಾನೂ ಅದನ್ನೇ ಹೇಳ್ತಿದ್ದೆ. ನಮ್ಮ ಲೆಕ್ಕದಲ್ಲಿ ಅದು ವರ್ಷದ ಮುನ್ನೂರು ದಿನ ಅಂಗಳದಲ್ಲಿ ನಿಲ್ಲೋ ಗಾಡಿ.

ಕಮರ್ಷಿಯಲ್ ಗಾಡಿ ಅಂತ ಹಿಂಜರಿಯೋರಿಗೆ ಒಂದು ಮಾತು. ಕಾರ್ ಓಡಿಸೋ ಎಲ್‌ಎಂವಿ ಲೈಸನ್ಸ್ ಇದ್ರೆ 7,500 ಕೆಜಿ ಒಳಗಿನ ಸರಕು ಗಾಡಿ ಓಡಿಸಬಹುದು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಇದನ್ನ ಖಚಿತ ಮಾಡಿದೆ.

ಇನ್ನು ಟಿಲ್ಲರ್. ಕಾಕಾನ ಮನಸ್ಸು ಮೊದಲಿಂದಲೂ ಅದರ ಮೇಲೇ. "ಗದ್ದೀನೂ ಉಳತೈತಿ, ಟ್ರೇಲರ್ ಕಟ್ಟಿದ್ರ ಭಾರನೂ ಎಳೀತೈತಿ. ಎರಡು ಕೆಲಸಕ್ಕ ಒಂದ ರೊಕ್ಕ" ಅನ್ನೋದು ಅವರ ವಾದ. ವಾದದಲ್ಲಿ ಹುರುಳಿದೆ. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ತಂತ್ರಜ್ಞಾನದಿಂದ ಮಾಡಿದ ಟಿಲ್ಲರ್ ಮಲೆನಾಡು, ಕರಾವಳಿಯ ಗದ್ದೆಗಳನ್ನ ಎಷ್ಟು ವರ್ಷದಿಂದ ಉಳ್ತಾ ಬಂದಿದೆ. ಒಂದೇ ಸಿಲಿಂಡರ್, 13 ಎಚ್‌ಪಿ ಡೀಸೆಲ್. ಹ್ಯಾಂಡಲ್ ಹೊಡೆದು ಚಾಲೂ ಮಾಡೋದು, ಬ್ಯಾಟರಿ ಸತ್ತಿದೆ ಅನ್ನೋ ನೆಪವೇ ಇಲ್ಲ. ರಾಡಿಗೆ ಅದು ಹೆದರಲ್ಲ, ರಾಡಿಯಲ್ಲೇ ಹುಟ್ಟಿದ್ದು. ಬೆಲೆಯೂ ಪಿಕಪ್ಪಿನ ಕಾಲು ಭಾಗ. ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇ 90ರವರೆಗೆ ಸಹಾಯಧನ ಇದೆ, ಅದಕ್ಕೊಂದು ಗರಿಷ್ಠ ಮಿತಿ ಇರುತ್ತೆ. ರೈತ ಸಂಪರ್ಕ ಕೇಂದ್ರದಲ್ಲಿ ಆ ವರ್ಷದ ಮಿತಿ ಕೇಳಿಕೊಂಡು ಹೆಸರು ಹಚ್ಚಬೇಕು.

ಆದ್ರೆ ಟಿಲ್ಲರ್ ಬಗ್ಗೆ ಶೋರೂಮ್‌ನಲ್ಲಿ ಯಾರೂ ಒತ್ತಿ ಹೇಳದ ಒಂದು ಸಂಗತಿ ಇದೆ, ಅದನ್ನ ಇಲ್ಲಿ ಹೇಳಲೇಬೇಕು. ಟಿಲ್ಲರ್‌ಗೆ ಸ್ಟೇರಿಂಗ್ ಚಕ್ರ ಇಲ್ಲ. ಎರಡು ಹಿಡಿಕೆಯಲ್ಲಿ ಎರಡು ಕ್ಲಚ್. ಎಡಕ್ಕೆ ತಿರುಗಬೇಕಾದ್ರೆ ಎಡ ಕ್ಲಚ್ ಒತ್ತಬೇಕು: ಎಡ ಗಾಲಿಗೆ ಎಂಜಿನ್ ಬಲ ತಪ್ಪುತ್ತೆ, ಬಲ ಗಾಲಿ ತಳ್ಳುತ್ತೆ, ಗಾಡಿ ಎಡಕ್ಕೆ ಹೊರಳುತ್ತೆ. ಇದು ಸಪಾಟು ನೆಲದ ಮಾತು. ಭಾರ ತುಂಬಿದ ಟ್ರೇಲರ್ ಹಿಂದಿನಿಂದ ದೂಡ್ತಾ ಇಳಿಜಾರು ಇಳಿಯುವಾಗ ಎಲ್ಲ ಉಲ್ಟಾ. ಆಗ ಎಂಜಿನ್ ಗಾಡಿಯನ್ನ ಎಳೀತಿಲ್ಲ, ತಡೀತಿದೆ. ಎಡ ಕ್ಲಚ್ ಒತ್ತಿದ್ರೆ ಎಡ ಗಾಲಿಯ ತಡೆ ಬಿಟ್ಟು ಅದೇ ಜೋರಾಗಿ ಉರುಳುತ್ತೆ, ಗಾಡಿ ಬಲಕ್ಕೆ ತಿರುಗುತ್ತೆ! ಹೊಸಬರು ಗಾಬರಿಯಾಗಿ ಇನ್ನೂ ಗಟ್ಟಿಯಾಗಿ ಒತ್ತುತಾರೆ. ಮುಂದೆ ಕಂದಕ ಇದ್ರೆ ಕಥೆ ಮುಗೀತು. ಅದಕ್ಕೇ ಇಳಿಜಾರಿನಲ್ಲಿ ಸ್ಟೇರಿಂಗ್ ಕ್ಲಚ್ ಮುಟ್ಟದೇ, ಮೇಲಿನಿಂದಲೇ ಸಣ್ಣ ಗೇರ್ ಹಾಕಿ, ಹ್ಯಾಂಡಲನ್ನ ಕೈಬಲದಿಂದ ತಿರುಗಿಸ್ತಾ, ಟ್ರೇಲರ್ ಬ್ರೇಕ್ ಮೇಲೆ ಕಾಲಿಟ್ಟು ಇಳಿಯಬೇಕು. ಹಳಬರಿಗೆ ಇದು ಮೈಗೆ ಹತ್ತಿರುತ್ತೆ. ಕಾಕಾಗೂ ಗೊತ್ತು, ಪಕ್ಕದ ಮನೆಯ ಟಿಲ್ಲರ್ ಓಡಿಸಿ ಕಲಿತವರು. ನನ್ನ ಚಿಂತೆ ಕಾಕಾನದ್ದಲ್ಲ.

ಕಾಕಾಗೆ ಈಗ 61. ಸೊಂಟ ನೋವು ಅಂತ ವರ್ಷದಿಂದ ಬೆಲ್ಟ್ ಹಾಕ್ಕೊಂಡು ಓಡಾಡ್ತಾರೆ. ಅಣ್ಣ ಪುಣೆಯಲ್ಲಿ. ಮಳೆಗಾಲದಲ್ಲಿ ಆ ಮನೆಯಲ್ಲಿರೋದು ಕಾಕಾ, ಕಾಕು, ವೈನಿ, ಎರಡು ಮಕ್ಕಳು. ಒಂದು ಸಂಜೆ ಊಟಕ್ಕೆ ಕೂತಾಗ ನಾನು ಕೇಳಿದೆ: "ಕಾಕಾ, ರಾತ್ರಿ ನಿಮಗೇ ಎದಿ ನೋವು ಬಂದ್ರ ಟಿಲ್ಲರ್ ಯಾರು ಹೊಡೀತಾರ್ರಿ?"

ಕಾಕಾ ರೊಟ್ಟಿ ಮುರಿಯೋದು ನಿಲ್ಲಿಸಿದರು. "ಬಾಯಾಗ ಒಳ್ಳೇದು ಬರಂಗಿಲ್ಲೇನ ನಿನಗ?" ಅಂದರು. ಕಾಕು ಮಾತ್ರ, "ಆಕಿ ಬರೋಬ್ಬರಿ ಕೇಳ್ಯಾಳ, ಹೇಳ್ರಿ" ಅಂದರು. ವೈನಿ ಒಳಗಿಂದ ತಾಟು ತರ್ತಾ, "ನಾ ಹೊಡೀತೇನ್ರಿ, ಆದ್ರ ಆ ಹ್ಯಾಂಡಲ್ ಹೊಡ್ಯಾಕ ನನ್ನ ಕೈಲೆ ಆಗಂಗಿಲ್ಲ" ಅಂದರು. ನಾನೂ ಒಂದು ಸಲ ಹೊಡೆದು ನೋಡಿದ್ದೀನಿ, ಅದು ಬರೀ ಬಲದ ಮಾತಲ್ಲ, ಹದ ಬೇಕು. ತಪ್ಪಿದ್ರೆ ವಾಪಸ್ ತಿರುಗಿ ಮಣಿಕಟ್ಟಿಗೆ ಹೊಡೆಯುತ್ತೆ.

ಅಲ್ಲಿಗೆ ಲೆಕ್ಕದ ಪಟ್ಟಿಯ ತಲೆಬರಹವೇ ಬದಲಾಯ್ತು. ವೈನಿ ಓಡಿಸೋಕೆ ಆಗೋ ಗಾಡಿ, ಕಾಕಾ ಉಳೋಕೆ ಆಗೋ ಗಾಡಿ.

ಉತ್ತರ ಮಿನಿ ಟ್ರ್ಯಾಕ್ಟರ್. ಕುಬೋಟಾ ನಿಯೋಸ್ಟಾರ್ ಬಿ2441, ಮಹೀಂದ್ರಾ ಜೀವೊ 245 ಇಂಥವು: 24 ಎಚ್‌ಪಿ, ನಾಲ್ಕೂ ಗಾಲಿ ಎಳೆಯೋದು. ಸೀಟಿದೆ, ಸ್ಟೇರಿಂಗ್ ಇದೆ, ಕೀಲಿ ತಿರುಗಿಸಿದ್ರೆ ಚಾಲೂ. ದೊಡ್ಡ ಟ್ರ್ಯಾಕ್ಟರ್‌ಗಿಂತ ತೂಕ, ಅಗಲ ಎರಡೂ ಕಮ್ಮಿ. ತೂಕ ಕಮ್ಮಿ ಇರಬೇಕಾ ಅಂತ ನೀವು ಕೇಳಬಹುದು. ನಮ್ಮ ದಾರಿಯಲ್ಲಿ ಬೇಕೇ ಬೇಕು. ಊರಿನ ಒಂದು 45 ಎಚ್‌ಪಿ ಟ್ರ್ಯಾಕ್ಟರ್ ಜುಲೈಯಲ್ಲಿ ತುಂಬಿದ ಟ್ರೇಲರ್ ಎಳ್ಕೊಂಡು ಒಂದು ಸಲ ಹೋಯ್ತಂದ್ರೆ ಮೊಳಕಾಲುದ್ದ ಎರಡು ಗೆರೆ ಬೀಳುತ್ತೆ. ಆಮೇಲೆ ದಸರಾವರೆಗೆ ಎಕ್ಸೆಲ್ ಓಡೋರ ಗತಿ ಕೇಳಬೇಡಿ. ಅಲ್ಲಿ ಹಿಮದ ಗಾಡಿಗೆ ಅಗಲ ಪಟ್ಟಿ ಹೇಗೋ, ಇಲ್ಲಿ ಹಗುರ ಮೈ, ನಾಲ್ಕು ಗಾಲಿಯ ಎಳೆತ ಹಾಗೆ.

ಬೆಲೆ ಕೇಳಿ ಕಾಕಾ ಹುಬ್ಬೇರಿಸಿದ್ರು. ಐದೂವರೆಯಿಂದ ಆರು ಲಕ್ಷ, ಟಿಲ್ಲರ್‌ನ ಎರಡೂವರೆ ಪಟ್ಟು. ಆದ್ರೆ ಅಣ್ಣನ ಕ್ಯಾಂಪರ್‌ಗಿಂತ ಎಷ್ಟೋ ಕಮ್ಮಿ, ಉಳುಮೆಯೂ ಆಯ್ತು. ವರ್ಷಕ್ಕೆ ಎರಡು ಸಲ ಭತ್ತ, ಇಟ್ಟಿಗೆಗೆ ಬಾಡಿಗೆ ಪಿಕಪ್ ಹೇಳಿದ್ರೆ ಸಾಕು. ಇಷ್ಟು ರೊಕ್ಕ ಆಗಲ್ಲ ಅನ್ನೋರು ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಏನು ಸಿಗುತ್ತೆ ಅಂತ ಮೊದಲು ನೋಡಿ. ಉಳುಮೆಗೆ ಅದು ಒಳ್ಳೇ ದಾರಿ. ರಾತ್ರಿ ಎರಡು ಗಂಟೆಗೆ ಬಾಡಿಗೆ ಟ್ರ್ಯಾಕ್ಟರ್ ಬರಲ್ಲ, ಅಷ್ಟೇ ವ್ಯತ್ಯಾಸ.

ಬ್ರ್ಯಾಂಡ್ ಯಾವುದು ಅಂತ ಕೇಳೋರಿಗೆ: ನಾನು ಕಂಪನಿ ಬ್ರೋಷರ್ ಮಡಚಿಟ್ಟು ಖಾನಾಪುರದ ಗ್ಯಾರೇಜುಗಳಿಗೆ ಹೋದೆ. ಎಲ್ಲ ಕಡೆ ಒಂದೇ ಪ್ರಶ್ನೆ: "ಆಗಸ್ಟ್‌ನಾಗ ಕ್ಲಚ್ ಪ್ಲೇಟ್ ಹೋದ್ರ ಎಷ್ಟು ದಿನಕ್ಕ ಸಿಗತೈತ್ರಿ?" ಒಬ್ಬ ಮಿಸ್ತ್ರಿ ನಕ್ಕು, "ಯಾವ ಗಾಡಿ ಅಂತ ಕೇಳೂದ ಬಿಟ್ಟು ಇದನ್ನ ಕೇಳಿದ ಮೊದಲನೇ ಗಿರಾಕಿ ನೀವ ನೋಡ್ರಿ ಅಕ್ಕಾರ" ಅಂದ. ಒಂದು ಬ್ರ್ಯಾಂಡಿನ ಕ್ಲಚ್ ಪ್ಲೇಟ್, ಫಿಲ್ಟರ್, ಸೀಲ್, ಫ್ಯಾನ್ ಬೆಲ್ಟ್ ಖಾನಾಪುರದ ಅಂಗಡಿಯಲ್ಲೇ ಇತ್ತು, ಇನ್ನೊಂದರದ್ದು ಬೆಳಗಾವಿಯಿಂದ ತರಿಸಬೇಕು. ನಾವು ತಗೊಂಡಿದ್ದು ಮೊದಲನೆಯದ್ದು. ನಿಮ್ಮ ತಾಲ್ಲೂಕಿನಲ್ಲಿ ಉತ್ತರ ಬೇರೆ ಇರಬಹುದು, ಆದ್ದರಿಂದ ಹೆಸರು ಹೇಳಿ ಪ್ರಯೋಜನ ಇಲ್ಲ. ಹೋಗಿ ಕೇಳಿ.

ಈಗ ಕಾನೂನಿನ ಎರಡು ಮಾತು, ಯಾಕಂದ್ರೆ ಕಾಡಂಚಿನ ಗಾಡಿಗೆ ಇವು ಎಂಜಿನ್ ಆಯಿಲ್‌ನಷ್ಟೇ ಮುಖ್ಯ.

ಒಂದು, ಶಿಕಾರಿ. ಆ ಉತ್ತರದ ದೇಶಗಳಲ್ಲಿ ಲೈಸನ್ಸ್ ತಗೊಂಡು ಬೇಟೆಗೆ ಹೋಗಬಹುದು, ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಿಷೇಧ. ಹಂದಿ ಗದ್ದೆ ಹಾಳು ಮಾಡಿತು ಅನ್ನೋ ಸಿಟ್ಟು ನಿಜ, ಅದಕ್ಕೆ ಅರಣ್ಯ ಇಲಾಖೆಗೆ ಬೆಳೆ ಪರಿಹಾರದ ಅರ್ಜಿ ಹಾಕಬೇಕು. ಗಾಡಿ ಮಾಲೀಕರು ತಿಳಿದಿರಬೇಕಾದ್ದು ಏನಂದ್ರೆ, ಬೇಟೆಗೆ ಬಳಸಿದ ವಾಹನವನ್ನ ಜಪ್ತಿ ಮಾಡೋ ಅಧಿಕಾರ ಆ ಕಾಯ್ದೆಯಲ್ಲಿದೆ. ರಾತ್ರಿ ಯಾರೋ ಗುರುತಿನವರು "ಒಂದು ಚೀಲ ಐತಿ, ಊರತನ ಬಿಡು" ಅಂತ ಕೈ ಅಡ್ಡ ಮಾಡಿದ್ರೆ ಚೀಲದಲ್ಲಿ ಏನಿದೆ ಅಂತ ಕೇಳದೇ ಹೇರಬೇಡಿ. ಆರು ಲಕ್ಷದ ಗಾಡಿ ವರ್ಷಾನುಗಟ್ಟಲೆ ಅರಣ್ಯ ಇಲಾಖೆಯ ಅಂಗಳದಲ್ಲಿ ತುಕ್ಕು ಹಿಡಿಯುತ್ತೆ. ವೈನಿಗೆ ಇದನ್ನ ಎರಡು ಸಲ ಹೇಳಿದ್ದೀನಿ, ಅವರು ದಾಕ್ಷಿಣ್ಯದ ಮನುಷ್ಯರು.

ಎರಡು, ಹಿಂದೆ ಜನ ಹತ್ತಿಸೋದು. ಸರಕು ಗಾಡಿಯಲ್ಲಿ ಸುಮ್ಮನೆ ಕೂತ ಪ್ರಯಾಣಿಕರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಯ ಮಾತು ಬೇರೆ. ಉಳಿದವರಿಗೆ ಏನಾದ್ರೂ ಆದ್ರೆ ಪರಿಹಾರ ಗಾಡಿ ಮಾಲೀಕನ ಹೊಲ ಮಾರಿ ಬರಬೇಕು. ಟ್ರೇಲರ್‌ಗೆ ಬೇರೆ ನೋಂದಣಿ ಬೇಕು ಅನ್ನೋದನ್ನೂ ಎಷ್ಟೋ ಜನ ಮರೀತಾರೆ. ಕಾಯಿಲೆಯವರನ್ನ ಡಾಂಬರಿನವರೆಗೆ ತರೋ ಹೊತ್ತಿನಲ್ಲಿ ಯಾರೂ ಪಾಲಿಸಿ ಓದ್ತಾ ಕೂರಲ್ಲ, ಕೂರಲೂಬಾರದು. ಆದ್ರೆ ಜಾತ್ರೆಗೆ, ಮದುವೆಗೆ ಟ್ರೇಲರ್ ತುಂಬ ಮಂದಿ ಹೇರಿಕೊಂಡು ಘಾಟ್ ಇಳಿಯೋದು ಇದೆಯಲ್ಲ, ಅದಕ್ಕೆ ನಮ್ಮ ಗಾಡಿ ಕೊಡಲ್ಲ ಅಂತ ಕಾಕಾ ಈಗಲೇ ಊರಲ್ಲಿ ಹೇಳಿ ಒಂದಿಷ್ಟು ಮುಖ ಗಂಟಿಕ್ಕಿಸಿಕೊಂಡಿದ್ದಾರೆ.

ಟ್ರ್ಯಾಕ್ಟರ್ ಫೆಬ್ರುವರಿಯಲ್ಲಿ ಬಂತು. ವೈನಿ ಒಣ ಗದ್ದೆಯಲ್ಲಿ ವಾರದೊಳಗೆ ಕಲಿತರು. ಮೊದಲ ಪಾಠ ಮುಂದೆ ಹೋಗೋದಲ್ಲ, ಇಳಿಜಾರಿನಲ್ಲಿ ನಿಲ್ಲೋದು. ಎರಡನೇ ಪಾಠ ಟ್ರೇಲರ್ ಕಟ್ಟಿಕೊಂಡು ರಿವರ್ಸ್. ಅದು ಯಾರಿಗೂ ಒಂದೇ ದಿನಕ್ಕೆ ಬರಲ್ಲ, ಅಣ್ಣನಿಗೆ ಇನ್ನೂ ಬಂದಿಲ್ಲ. ನ್ಯೂಟ್ರಲ್ ಹಾಕಿ ಇಳಿಸಿದ್ರೆ ಡೀಸೆಲ್ ಉಳಿಯುತ್ತೆ ಅಂತ ಯಾರೋ ಕಲಿಸೋಕೆ ಬಂದಾಗ ಕಾಕು ಬೈದು ಕಳಿಸಿದರಂತೆ. ಸರಿಯಾಗೇ ಮಾಡಿದರು. ಎಂಜಿನ್ ತಡೆ ಬಿಟ್ಟು ಇಳಿಜಾರಿಗೆ ಹೋದ ಗಾಡಿಯನ್ನ ರಾಡಿಯಲ್ಲಿ ಬ್ರೇಕ್ ಒಂದೇ ಹಿಡಿಯಲ್ಲ. ಎಲ್‌ಎಂವಿ ಲೈಸನ್ಸ್ ಏಪ್ರಿಲ್‌ನಲ್ಲಿ ಕೈಗೆ ಬಂತು, ವೈನಿ ಅದರ ಫೋಟೊ ಗ್ರೂಪಿಗೆ ಹಾಕಿದ ದಿನ ಹೈಲಕ್ಸ್ ಫೋಟೊಕ್ಕಿಂತ ಜಾಸ್ತಿ ಹಾರ್ಟ್ ಬಿದ್ದವು.

ಟ್ರೇಲರ್ ಮಾತ್ರ ಇನ್ನೂ ಬಂದಿಲ್ಲ. ಈ ಕಡೆ ಸಣ್ಣ ಟ್ರೇಲರ್ ಮಾಡೋರು ಬಹಳ ಸಲ ಬ್ರೇಕ್ ಇಲ್ಲದೇ ಕೊಡ್ತಾರೆ, ಕೇಳಿದ್ರೆ "ಟ್ರ್ಯಾಕ್ಟರ್‌ಗೆ ಐತೆಲ್ರಿ" ಅಂತಾರೆ. ಹಿಂದೆ ಒಂದು ಟನ್ ದೂಡ್ತಿದ್ರೆ ಹಗುರ ಟ್ರ್ಯಾಕ್ಟರ್ ಅಡ್ಡ ತಿರುಗಿ ಮಡಚಿಕೊಳ್ಳುತ್ತೆ. ಬ್ರೇಕ್ ಹಾಕಿ, ಹಿಂದಿನ ಬಾಗಿಲು ಪೂರ್ತಿ ಕೆಳಗೆ ಬೀಳೋ ಹಂಗೆ ಮಾಡಿ, ಒಳಗೆ ಆರಡಿ ಉದ್ದ ಸಪಾಟು ಇರಲಿ, ಮೇಲೆ ತಾಡಪತ್ರಿ ಕಟ್ಟೋಕೆ ನಾಲ್ಕು ಕೊಳವೆ ಬೆಸುಗೆ ಹಾಕಿ ಅಂತ ಚೀಟಿ ಬರೆದು ಕೊಟ್ಟಿದ್ದೀನಿ. ಆರಡಿ ಯಾಕೆ ಅಂತ ಅವನು ಕೇಳಿದ. ಹಾಸಿಗೆ ಹಿಡಿಸಬೇಕು ಅಂದೆ. ಮತ್ತೇನೂ ಕೇಳಲಿಲ್ಲ. ಜೂನ್ 5ರೊಳಗೆ ಕೊಡ್ತೀನಿ ಅಂದಿದ್ದಾನೆ, ಭಾನುವಾರ ಹೋಗಿ ಟೇಪ್ ಹಿಡಿದು ನೋಡಿ ಬರ್ತೀನಿ.